ಜುಲ್ಮಾನೆ ಪುಸ್ತಕ



ಬರೆಯಬೇಕೆಂದುಕೊಂಡು ಬಹಳ ದಿನಗಳಿಂದ ಮುಂದೂಡುತ್ತ ಬಂದ ವಿಷಯವಿದು. ಇದಕ್ಕೆ ಆಲಸ್ಯ ಕಾರಣವಲ್ಲ, ಸಂಕೋಚ. ಕಳೆದ ದೀಪಾವಳಿಯ ಸಮಯದಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಹೆಂಡತಿ ಮಕ್ಕಳೊಂದಿಗೆ ಮನೆಗೆ ಬಂದಿದ್ದ. ಈಗ ಅಮೆರಿಕದ ಚಿಕಾಗೋ ನಗರದಲ್ಲಿ ನೆಲೆಸಿದ್ದಾನೆ. ಶಾಲೆಗಳ ಕುರಿತು ನನಗಿರುವ ಹುಚ್ಚು ಅವನಿಗೆ ಗೊತ್ತು. ಬರುವಾಗ ಒಂದು ಪುಸ್ತಕ ತಂದಿದ್ದ. ಆಂಥೊನಿ ಬ್ರೈಕ್ ಮತ್ತು ಬಾರ್ಬರಾ ಷ್ನೈಡರ್ ಎಂಬ ಇಬ್ಬರು ಸಂಶೋಧಕರು ಬರೆದು 2002ರಲ್ಲಿ ಪ್ರಕಟಿಸಿದ 'ಟ್ರಸ್ಟ್ ಇನ್ ಸ್ಕೂಲ್ಸ್'. ಆ ನಗರದ ಶಾಲೆಗಳ ಸುಧಾರಣೆಯನ್ನು ವರ್ಷಗಟ್ಟಲೆ ಹಿಂಬಾಲಿಸಿ ಬರೆದ ಗ್ರಂಥ. ಹೊರಡುವಾಗ ಬಾಗಿಲಲ್ಲಿ ನಿಂತು ಅವನು ಕೇಳಿದ: "ಸರ, ನಮ್ಮ ರಾಯಚೂರಿನ ಸಾಲಿಗಳನ್ನ ಯಾರರ ಹಿಂಗ ಕುಂತು ಅಭ್ಯಾಸ ಮಾಡ್ಯಾರೇನ್ರಿ?" ನನಗೆ ಉತ್ತರಿಸಲಾಗಲಿಲ್ಲ. ಮೂವತ್ತು ವರ್ಷಕ್ಕೂ ಮಿಗಿಲಾಗಿ ಅದೇ ಶಾಲೆಗಳಲ್ಲಿ ಕುಳಿತೆದ್ದವನು ನಾನೇ ಅಲ್ಲವೇ?

ನಿಮಗೆಲ್ಲ ತಿಳಿದಿರುವಂತೆ ನನ್ನೂರು ದೇವದುರ್ಗ ತಾಲ್ಲೂಕಿನ ಮಸರಕಲ್. ಹರಿದಾಸ ಸಾಹಿತ್ಯ ಬಲ್ಲವರು ಇದನ್ನು ಮೊಸರಕಲ್ಲು ಎನ್ನುತ್ತಾರೆ, ಗೋಪಾಲದಾಸರು ಹುಟ್ಟಿದ ಊರು. ನಮ್ಮ ಓಣಿಯಲ್ಲಿ ಕೇಳಿಸುತ್ತಿದ್ದುದು ಕನ್ನಡವೊಂದೇ. ಉರ್ದು ಮಾತನಾಡುವ ಮನೆಗಳವರೂ ನಮ್ಮೊಡನೆ ಕನ್ನಡದಲ್ಲಿಯೇ ಆಡುತ್ತಿದ್ದರು. ಆದುದರಿಂದ ಬಿ.ಎಡ್. ಮುಗಿಸಿ ರಾಯಚೂರು ನಗರದ ಪ್ರೌಢಶಾಲೆಯೊಂದಕ್ಕೆ ಕನ್ನಡ ಮತ್ತು ಸಮಾಜ ವಿಜ್ಞಾನದ ಶಿಕ್ಷಕನಾಗಿ ಬಂದಾಗ ನನಗಾದದ್ದು ಒಂದು ಬಗೆಯ ಗಲಿಬಿಲಿ. ಹಾಜರಿ ಕರೆದು ಮುಗಿಸುವಷ್ಟರಲ್ಲಿ ಹಿಂದಿನ ಬೆಂಚುಗಳಿಂದ ಮೂರು ನಾಲ್ಕು ಭಾಷೆಗಳು ಕೇಳಿಬರುತ್ತಿದ್ದವು. ಗದ್ವಾಲ, ಮಹಬೂಬನಗರದ ಕಡೆಯಿಂದ ಬಂದ ಕುಟುಂಬಗಳ ತೆಲುಗು, ಕೋಟೆಯ ಸುತ್ತಲಿನ ಓಣಿಗಳ ದಖ್ಖನಿ, ಗಂಜಿನ ವ್ಯಾಪಾರಿ ಮನೆಗಳ ಮಾರವಾಡಿ, ತಾಂಡಾಗಳಿಂದ ಬಂದು ವಸತಿನಿಲಯದಲ್ಲಿದ್ದ ಹುಡುಗರ ಲಂಬಾಣಿ. ಇನ್ನು ಜಿಲ್ಲೆಯ ಕಥೆ ಕೇಳಬೇಕೇ? ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನು ನಂಬಿ ಬಂದ ಆಂಧ್ರದ ರೈತರ ಕ್ಯಾಂಪುಗಳು ಮಾನ್ವಿ, ಸಿಂಧನೂರುಗಳಲ್ಲಿವೆ. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿಗಳೂ ಇದ್ದಾರೆ.

ಇದೇನೂ ಇತ್ತೀಚಿನದಲ್ಲ. ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಮಿಕ್ಕಿದ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗನ್ನಯ ರೆಡ್ಡಿಯು ಕೋಟೆ ಕಟ್ಟಿಸಿದನೆಂದು ಅದರ ಮೇಲಿನ ತೆಲುಗು ಶಾಸನ ಹೇಳುತ್ತದೆ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಬಗೆಯನ್ನೂ ಅಲ್ಲಿ ಗೆರೆಗಳಲ್ಲಿ ಕೊರೆದಿದ್ದಾರೆ. ಹೊರಸುತ್ತಿನ ಗೋಡೆಗಳಲ್ಲಿ ಆದಿಲಶಾಹಿಗಳ ಕಾಲದ ಪಾರಸಿ ಬರಹಗಳಿವೆ. ಇದೇ ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಪ್ರಾಕೃತವಿದೆ. ನಮ್ಮ ನೆಲದಲ್ಲಿ ಕಲ್ಲುಗಳೂ ಒಂದೇ ಭಾಷೆಯನ್ನಾಡುವುದಿಲ್ಲ.

ಇಲ್ಲಿ ನನ್ನ ತಂದೆಯವರ ಒಂದು ಪ್ರಸಂಗವನ್ನು ಹೇಳಲೇಬೇಕು. ಅವರು ಓದಿದ್ದು 1940ರ ದಶಕದಲ್ಲಿ, ನಿಜಾಮರ ಆಳ್ವಿಕೆಯಲ್ಲಿ. ಆಗ ಕಚೇರಿಯ ಭಾಷೆ ಉರ್ದು. ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲಿಯೇ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯವನ್ನೂ ಉರ್ದುವಿನಲ್ಲಿ ಕಲಿಸುತ್ತಿದ್ದರು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಸಾಧ್ಯವೆಂದು ತೋರಿಸಿದ ದೊಡ್ಡ ಪ್ರಯೋಗ ಅದು, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಕನ್ನಡದ ಹಳ್ಳಿಯ ಹುಡುಗನಿಗೆ ಆ 'ದೇಶಭಾಷೆ' ಯಾವ ದೇಶದ್ದು? ನೀರು ಕುಡಿಯಲು ಹೋಗಬೇಕೆಂದು ಕನ್ನಡದಲ್ಲಿ ಕೇಳಿದ್ದಕ್ಕೆ ನನ್ನ ತಂದೆಯವರನ್ನು ಅವರ ಶಿಕ್ಷಕರು ಬಿಸಿಲಿನಲ್ಲಿ ನಿಲ್ಲಿಸಿದ್ದರಂತೆ. ರಾಯಚೂರಿನ ಬಿಸಿಲೆಂದರೆ ಎಂಥದೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಮುಂದೆ ಅವರು ಉರ್ದುವನ್ನು ಚೆನ್ನಾಗಿಯೇ ಕಲಿತರು, ಕೊನೆಯವರೆಗೂ ಆ ಭಾಷೆಯ ಪತ್ರಿಕೆಯನ್ನು ಓದಿದರು. ದ್ವೇಷವಿರಲಿಲ್ಲ. ಆದರೆ 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಓಣಿಗೆಲ್ಲ ಸಕ್ಕರೆ ಹಂಚಿದ್ದನ್ನು ಹೇಳುವಾಗಲೆಲ್ಲ ಆ ಬಿಸಿಲಿನ ಮಾತೂ ಬರುತ್ತಿತ್ತು.

ಅಂಥ ತಂದೆಯ ಮಗ ನಾನು. 1982ರ ಗೋಕಾಕ್ ಚಳವಳಿಯ ಕಾಲದಲ್ಲಿ ನಾನು ಕಾಲೇಜು ವಿದ್ಯಾರ್ಥಿ. ಮೆರವಣಿಗೆಯಲ್ಲಿ ಕೂಗಿ ಕೂಗಿ ಗಂಟಲು ಕೂತು ವಾರಗಟ್ಟಲೆ ಮಾತು ಹೊರಡದಿದ್ದುದು ನೆನಪಿದೆ. ಗಡಿಜಿಲ್ಲೆಯಲ್ಲಿ ಕನ್ನಡವನ್ನು ಉಳಿಸುವುದು ನನ್ನ ಕರ್ತವ್ಯವೆಂದು ನಂಬಿ ಶಿಕ್ಷಕನಾದೆ. ನಂಬಿಕೆ ತಪ್ಪಲ್ಲ. ಆದರೆ ಆ ನಂಬಿಕೆಯಿಂದ ನಾನು ಮಾಡಿದ ಕೆಲಸವನ್ನು ನಿಮ್ಮಲ್ಲಿ ಕೆಲವರು ಮರೆತಿರಲಾರಿರಿ. ತರಗತಿಯಲ್ಲಿ ಕನ್ನಡ ಬಿಟ್ಟು ಅನ್ಯಭಾಷೆ ಆಡಿದವರಿಗೆ ನಾಲ್ಕಾಣೆ ದಂಡ. ಅದನ್ನು ಬರೆದಿಡಲು ನೂರು ಪುಟದ ನೋಟ್‌ಬುಕ್ಕು. ಅದಕ್ಕೆ ನಾವೆಲ್ಲ ಕರೆಯುತ್ತಿದ್ದ ಹೆಸರು ಜುಲ್ಮಾನೆ ಪುಸ್ತಕ. ಜುಲ್ಮಾನೆ ಎಂಬುದೇ ಉರ್ದುವಿನ 'ಜುರ್ಮಾನಾ' ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು! ಹಾಜರಿ, ರಜೆ, ಕಾಗದ ಇವೂ ಅದೇ ದಾರಿಯಿಂದ ಬಂದವು. ಇಷ್ಟನ್ನೆಲ್ಲ ಬಾಯಲ್ಲಿಟ್ಟುಕೊಂಡು ನಾನು ಮಕ್ಕಳ ಬಾಯಿಯನ್ನು ಕಾಯುತ್ತಿದ್ದೆ.

1991ರಲ್ಲಿ ಎಂಟನೆಯ ತರಗತಿಯ ಮಕ್ಕಳನ್ನು ಕೋಟೆ ನೋಡಲು ಕರೆದೊಯ್ದಿದ್ದೆ. ಆ ಉದ್ದನೆಯ ಕಲ್ಲಿನ ಮುಂದೆ ನಿಂತು, ಇದು ತೆಲುಗು ಭಾಷೆಯ ಶಾಸನವೆಂದು ವಿವರಿಸಿದೆ. ಒಬ್ಬ ಹುಡುಗಿ ಇದ್ದಳು. ತಾಯಿ ಎಣ್ಣೆ ಗಿರಣಿಯಲ್ಲಿ ಕೂಲಿ, ಮನೆಮಾತು ತೆಲುಗು. ತರಗತಿಯಲ್ಲಿ ಎಂದೂ ಬಾಯಿ ಬಿಡದವಳು ಪಕ್ಕದವಳ ತೋಳನ್ನು ಹಿಡಿದು, "ಇದಿ ಮನ ಭಾಷೇ!" ಎಂದಳು. ಇದು ನಮ್ಮ ಭಾಷೆಯೇ ಎಂದು. ಧ್ವನಿ ಸ್ವಲ್ಪ ಗಟ್ಟಿಯಾಗಿಯೇ ಬಂದಿತು. ಮಕ್ಕಳು ನಕ್ಕರು. ನಾನು ಅಲ್ಲಿಯೇ, ಆ ಶಾಸನದ ಮುಂದೆಯೇ, ಚೀಲದಿಂದ ಪುಸ್ತಕ ತೆಗೆದು ಅವಳ ಹೆಸರು ಬರೆದುಕೊಂಡೆ. ಮರುದಿನ ನಾಲ್ಕಾಣೆ ತಂದು ಮೇಜಿನ ಮೇಲಿಟ್ಟಳು.

ಬೇಸಗೆ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ಕೆಲವು ವಾರ ಗೈರುಹಾಜರಿ ಹಾಕಿದೆ, ಆಮೇಲೆ ನಿಯಮದಂತೆ ಹೆಸರು ತೆಗೆದೆ. ಜುಲ್ಮಾನೆಯಿಂದಲೇ ಶಾಲೆ ಬಿಟ್ಟಳೆಂದು ನಾನು ಹೇಳಲಾರೆ. ಬಡತನವಿತ್ತು, ಗಿರಣಿಯಿತ್ತು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದವು, ಮದುವೆ ಮಾಡಿದರೋ ಏನೋ. ನಾನು ಆ ಮನೆಗೆ ಹೋಗಿ ವಿಚಾರಿಸಲಿಲ್ಲ. ಶಾಲೆಯಿಂದ ನಡೆದರೆ ಹತ್ತು ನಿಮಿಷದ ಹಾದಿ.

ಈಗ ಆ ಚಿಕಾಗೋ ಪುಸ್ತಕಕ್ಕೆ ಬರುತ್ತೇನೆ. ಆ ನಗರದಲ್ಲಿ 1988ರಲ್ಲಿ ಒಂದು ಕಾನೂನು ಮಾಡಿ ಪ್ರತಿಯೊಂದು ಶಾಲೆಗೂ ಪಾಲಕರೇ ಬಹುಸಂಖ್ಯೆಯಲ್ಲಿರುವ ಸ್ಥಳೀಯ ಸಮಿತಿಯನ್ನು ಕೊಟ್ಟರು. ನಮ್ಮಲ್ಲಿ 2001ರಲ್ಲಿ ಬಂದ ಎಸ್‌ಡಿಎಂಸಿಯ ಹಾಗೆಯೇ ಎನ್ನಿ. ಕರಿಯರು, ಮೆಕ್ಸಿಕೋ ಮೂಲದವರು, ಯುರೋಪಿನ ಬಡ ವಲಸಿಗರು, ಹೀಗೆ ಬಹುವಿಧದ ಜನರ ನಗರವದು. ಹಲವು ವರ್ಷ ಕಳೆದ ಮೇಲೆ ನೋಡಿದರೆ ಒಂದೇ ಕಾನೂನು, ಹೆಚ್ಚುಕಡಿಮೆ ಒಂದೇ ಅನುದಾನವಿದ್ದರೂ ಕೆಲವು ಶಾಲೆಗಳಲ್ಲಿ ಮಕ್ಕಳ ಓದು, ಗಣಿತ ಸುಧಾರಿಸಿದ್ದವು, ಕೆಲವಲ್ಲಿ ಇಲ್ಲ. ಏಕೆಂದು ಹುಡುಕಿದ ಸಂಶೋಧಕರಿಗೆ ಎದ್ದು ಕಂಡದ್ದು ಶಿಕ್ಷಕರು, ಪಾಲಕರು, ಮುಖ್ಯ ಗುರುಗಳ ನಡುವಿನ ವಿಶ್ವಾಸ. ವಿಶ್ವಾಸ ಗಟ್ಟಿಯಾಗಿದ್ದ ಶಾಲೆಗಳಲ್ಲಿ ಎರಡಕ್ಕೊಂದು ಸುಧಾರಿಸುವ ಸಂಭವವಿದ್ದರೆ, ತೀರ ಕಡಿಮೆಯಿದ್ದ ಶಾಲೆಗಳಲ್ಲಿ ಏಳಕ್ಕೊಂದು ಮಾತ್ರ. ಇದನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಎಣ್ಣೆ ಗಿರಣಿಯ ಆ ತಾಯಿಗೆ ನಮ್ಮ ಶಾಲೆಯ ಮೇಲೆ ಯಾವ ವಿಶ್ವಾಸವಿದ್ದೀತು? ಅವಳ ಭಾಷೆಗೆ ನಾನು ಬೆಲೆ ಕಟ್ಟಿದ್ದೆ, ನಾಲ್ಕಾಣೆ.

ಇದೇ ಜಾಡಿನಲ್ಲಿ ಓದುತ್ತ ಹೋದಾಗ ಅರಿಜೋನಾದ ಟೂಸಾನ್ ನಗರದ ಇನ್ನೊಂದು ಕೆಲಸ ಸಿಕ್ಕಿತು. ಲೂಯಿಸ್ ಮೋಲ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ್ದು. ಅವರು ಶಿಕ್ಷಕರನ್ನೇ ಮೆಕ್ಸಿಕನ್ ಮೂಲದ ದುಡಿಯುವ ಜನರ ಮನೆಗಳಿಗೆ ಕಳುಹಿಸಿದರು. ಹೋದದ್ದು ಬುದ್ಧಿವಾದ ಹೇಳಲಿಕ್ಕಲ್ಲ, ಕಲಿಯಲಿಕ್ಕೆ. ಆ ಮನೆಗಳಲ್ಲಿ ಬೇಸಾಯ, ಗಣಿ, ಕಟ್ಟಡ, ವ್ಯಾಪಾರ, ಮನೆಮದ್ದುಗಳ ದೊಡ್ಡ ಜ್ಞಾನಭಂಡಾರವೇ ಇರುವುದು ಶಿಕ್ಷಕರ ಕಣ್ಣಿಗೆ ಬಿದ್ದಿತು. ಅದನ್ನೇ ತರಗತಿಗೆ ತಂದು ಪಾಠ ಮಾಡಿದರು. ಬಹುಸಂಸ್ಕೃತಿಯ ಶಿಕ್ಷಣವೆಂದರೆ ವರ್ಷಕ್ಕೊಮ್ಮೆ ವೇಷ ಹಾಕಿಸಿ ವಿವಿಧತೆಯಲ್ಲಿ ಏಕತೆಯ ನೃತ್ಯ ಮಾಡಿಸುವುದಲ್ಲ. ಜೇಮ್ಸ್ ಬ್ಯಾಂಕ್ಸ್ ಎಂಬ ವಿದ್ವಾಂಸರು ಇದನ್ನು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ.

ಗಂಜಿನ ಹಮಾಲರ ಒಬ್ಬ ಹುಡುಗ ನನ್ನ ತರಗತಿಯಲ್ಲಿದ್ದ. ಎಷ್ಟು ಚೀಲಕ್ಕೆ ಎಷ್ಟು ಕ್ವಿಂಟಲ್, ಚೀಲದ ತೂಕ ಕಳೆದರೆ ಎಷ್ಟು, ಹಮಾಲಿ ಎಷ್ಟು ಎಂಬುದನ್ನೆಲ್ಲ ತೆಲುಗಿನಲ್ಲಿ ಬಾಯಲ್ಲಿಯೇ ಲೆಕ್ಕ ಹಾಕುತ್ತಿದ್ದ. ಗಣಿತದಲ್ಲಿ ಪ್ರತಿವರ್ಷ ಅನುತ್ತೀರ್ಣ. ಗಣಿತದ ಶಿಕ್ಷಕರೂ ನಾನೂ ಸೇರಿ ಆತನನ್ನು ದಡ್ಡನೆಂದು ತೀರ್ಮಾನಿಸಿದ್ದೆವು. ಪ್ರಶ್ನೆಯ ಕನ್ನಡವನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಅವನ ಸಮಯ ಮುಗಿದುಹೋಗುತ್ತಿತ್ತು ಎಂಬುದು ಅಂದು ನಮಗೆ ತೋಚಲಿಲ್ಲ.

ಇಷ್ಟೆಲ್ಲಕ್ಕೂ ಚಿಕಾಗೋ, ಟೂಸಾನ್ ಬೇಕೇ ಎಂದು ನೀವು ಕೇಳಬಹುದು. ಬೇಕಾಗಿರಲಿಲ್ಲ. ನಮ್ಮ ರಾಯಚೂರಿನಲ್ಲಿಯೇ 1920ರ ಸುಮಾರಿಗೆ ಪಂಡಿತ ತಾರಾನಾಥರು ಒಂದು ಶಾಲೆ ತೆರೆದರು. ಕರಾವಳಿಯ ಮೂಲದವರು, ವೈದ್ಯ ಕಲಿಯಲು ಹೈದರಾಬಾದಿಗೆ ಹೋದವರು. ಸರೋದ್ ವಾದಕ ರಾಜೀವ ತಾರಾನಾಥರ ತಂದೆ ಎಂದರೆ ಕಿರಿಯರಿಗೆ ಗುರುತು ಸಿಕ್ಕೀತು. ಆ ಶಾಲೆಗೆ ಅವರಿಟ್ಟ ಹೆಸರು ಹಮ್‌ದರ್ದ್. ನೋವನ್ನು ಹಂಚಿಕೊಳ್ಳುವವನು ಎಂದರ್ಥ. ಹಿಂದೂ ಮುಸ್ಲಿಂ ಭೇದವಿಲ್ಲದೆ ಮಕ್ಕಳು ಕೂಡಿ ಕಲಿಯಬೇಕೆಂಬುದು ಅವರ ಆಸೆ. ನಿಜಾಮ ಸರಕಾರದ ಸಂಶಯದ ದೃಷ್ಟಿಗೆ ಗುರಿಯಾಗಿ ಅವರು ರಾಯಚೂರು ಬಿಡಬೇಕಾಯಿತು, ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನವನ್ನು ಕಟ್ಟಿದರು. ಶಾಲೆಗೆ ನಮ್ಮ ಪೈಕಿ ಯಾರಾದರೂ ಹೆಸರಿಡುವುದಾಗಿದ್ದರೆ ಜ್ಞಾನ, ವಿದ್ಯೆ, ಸರಸ್ವತಿ ಎಂದೇನೋ ಇಡುತ್ತಿದ್ದೆವು. ಅವರಿಗೆ ನೋವು ಮೊದಲು ಕಂಡಿತು.

ಅಂದಿನಿಂದ ಇಂದಿನವರೆಗೆ ಸುಧಾರಣೆಗಳೇನು ಕಡಿಮೆಯಾಗಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ನಮ್ಮ ದೇವದುರ್ಗವನ್ನು ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಎಣಿಸಿತು. ಅದೇ ವರ್ಷ ಅಕ್ಷರ ದಾಸೋಹ ಮೊದಲು ನಮ್ಮ ಭಾಗದ ಜಿಲ್ಲೆಗಳಲ್ಲಿ ಆರಂಭವಾಯಿತು. ಬಿಸಿಯೂಟಕ್ಕೆ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಸೇವಾವಧಿಯಲ್ಲಿ ಬಂದ ಯೋಜನೆಗಳಲ್ಲಿ ಅದಕ್ಕಿಂತ ದೊಡ್ಡದು ಬೇರೊಂದಿಲ್ಲವೆಂದೇ ಹೇಳುತ್ತೇನೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದ್ದರೆ ರಾಯಚೂರು ಜಿಲ್ಲೆಯದು ಶೇ. 60 ಮುಟ್ಟಿರಲಿಲ್ಲ. 371(ಜೆ) ಬಂದಿತು. 2018ರಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಯೆಂದು ದಿಲ್ಲಿಯವರು ಪಟ್ಟಿಗೆ ಸೇರಿಸಿದರು. ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದವು, 2019ರಿಂದ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಬಂದವು. ಪ್ರತಿಯೊಂದರಲ್ಲೂ ಕೊಠಡಿ ಎಷ್ಟು, ಶೌಚಾಲಯ ಎಷ್ಟು, ಫಲಿತಾಂಶ ಎಷ್ಟು ಎಂದು ಎಣಿಸಿದ್ದಾರೆ. ಎಣಿಸಬೇಕಾದದ್ದೇ. ಆದರೆ ಈ ಮಗು ಮನೆಯಲ್ಲಿ ತಾಯಿಯೊಡನೆ ಯಾವ ಮಾತಿನಲ್ಲಿ ಜಗಳವಾಡುತ್ತದೆ ಎಂಬುದನ್ನು ಮನಸ್ಸಿಟ್ಟು ಕೇಳಿದವರನ್ನು ನಾನು ಕಾಣೆ. ದಾಖಲಾತಿಯ ನಮೂನೆಯಲ್ಲಿ ಮಾತೃಭಾಷೆ ಎಂಬ ಅಂಕಣವೇನೋ ಇತ್ತು. ಜೂನ್ ತಿಂಗಳ ಗದ್ದಲದಲ್ಲಿ ನಾನೇ ಎಷ್ಟೋ ಸಲ ಪಾಲಕರನ್ನು ಕೇಳದೆಯೇ ಸಾಲಾಗಿ 'ಕನ್ನಡ' ಎಂದು ತುಂಬಿದ್ದೇನೆ.

ಹಾಗಾದರೆ ಕನ್ನಡದ ಗತಿಯೇನು ಎಂದು ನನ್ನ ಸೋದರಳಿಯನೇ ಮೊನ್ನೆ ವಾದಕ್ಕಿಳಿದ. ನ್ಯಾಯವಾದ ಪ್ರಶ್ನೆ. ಗಡಿಯಲ್ಲಿ ಸಡಿಲ ಬಿಟ್ಟರೆ ಕನ್ನಡ ಉಳಿಯದು ಎಂಬ ಭಯ ನನ್ನ ತಂದೆಯವರ ಬಿಸಿಲಿನಿಂದ ಬಂದದ್ದು, ಅದನ್ನು ಹಗುರಾಗಿ ನೋಡಲಾರೆ. 2014ರಲ್ಲಿ ಸುಪ್ರೀಂ ಕೋರ್ಟು ಮಾಧ್ಯಮದ ಆಯ್ಕೆಯನ್ನು ಪಾಲಕರಿಗೆ ಬಿಟ್ಟ ಮೇಲಂತೂ ತೆಲುಗು, ಉರ್ದು, ಕನ್ನಡ ಎಲ್ಲ ಮನೆಗಳ ಮಕ್ಕಳೂ ಓಡುತ್ತಿರುವುದು ಇಂಗ್ಲಿಷ್ ಕಾನ್ವೆಂಟುಗಳಿಗೆ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರಲ್ಲಿ ಕೊಟ್ಟ ವರದಿಯಲ್ಲಿ, ಕನಿಷ್ಠ ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಸಬೇಕೆಂದಿದೆ. ನಾನು ಅದನ್ನು ಒಪ್ಪುತ್ತೇನೆ. ಆದರೆ ಒಂದೇ ಕೊಠಡಿಯಲ್ಲಿ ನಾಲ್ಕು ಮಾತೃಭಾಷೆಗಳಿರುವ ರಾಯಚೂರಿನಲ್ಲಿ ಆ 'ಅಥವಾ' ಎಂಬ ಪದದ ಅರ್ಥವೇನು? ಅದಕ್ಕೆ ಉತ್ತರ ಕೊಡಬೇಕಾದವನು ತರಗತಿಯಲ್ಲಿ ನಿಂತ ಶಿಕ್ಷಕ. ನನ್ನ ಅನುಭವದ ಮಟ್ಟಿಗೆ ಹೇಳುವುದಾದರೆ, ನಾನು ದಂಡ ಹಾಕಿದ ಮಕ್ಕಳು ಕನ್ನಡವನ್ನು ಹೆಚ್ಚು ಕಲಿಯಲಿಲ್ಲ, ಮೌನವನ್ನು ಕಲಿತರು. ಒಂದು ಭಾಷೆಯಲ್ಲಿ ಧೈರ್ಯವಾಗಿ ಮಾತನಾಡುವ ಮಗುವಿಗೆ ಎರಡನೆಯದನ್ನು ಕಲಿಸುವುದು ಸುಲಭ. ನೀಳ್ಳು, ಪಾನಿ, ನೀರು ಎಂದು ಹಲಗೆಯ ಮೇಲೆ ಮೂರನ್ನೂ ಬರೆದು ಪಾಠ ಆರಂಭಿಸಿದ್ದರೆ ಕನ್ನಡಕ್ಕೆ ಏನು ಕುಂದಾಗುತ್ತಿತ್ತು? ಉರ್ದುವಿನ ಗಜಲನ್ನು ಕನ್ನಡದ್ದಾಗಿಸಿದ ಶಾಂತರಸರು ನಮ್ಮ ಜಿಲ್ಲೆಯವರೇ. ಕನ್ನಡಕ್ಕೆ ಅದರಿಂದ ಬಂದದ್ದು ಲಾಭವೇ ಹೊರತು ನಷ್ಟವಲ್ಲ.

ಇನ್ನೊಂದು ಮಾತು. ದೇವದುರ್ಗದ ಜನ ದುಡಿಯಲು ಬೆಂಗಳೂರಿಗೆ ಗುಳೆ ಹೋಗುತ್ತಾರಲ್ಲ, ಕಟ್ಟಡದ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಅವರ ಮಕ್ಕಳು ಬೆಳೆಯುತ್ತವೆ. ಅಲ್ಲಿಯ ಶಾಲೆಯೊಂದರಲ್ಲಿ ನಮ್ಮೂರಿನ ಹುಡುಗ 'ಅಪ್ಪ ಹೋಗ್ಯಾನ್ರಿ' ಎಂದಾಗ ತರಗತಿಯೆಲ್ಲ ನಕ್ಕಿತಂತೆ. ಕನ್ನಡದ ಮಗು, ಕನ್ನಡದ ಶಾಲೆ, ಕನ್ನಡದ ರಾಜಧಾನಿ! ಅವನ ತಾಯಿ ಊರಿಗೆ ಬಂದಾಗ ನನ್ನ ಮುಂದೆ ಹೇಳಿ, "ಈಗ ಸಾಲಿಗೆ ಹೋಗಂಗಿಲ್ಲ ಅಂತಾನ್ರಿ ಮಾಸ್ತರ್" ಎಂದಳು. ಅವಳಿಗೆ ಸಮಾಧಾನ ಹೇಳಲು ನನಗೆ ಬಾಯಿ ಬರಲಿಲ್ಲ.

ನಗರದ ಶಾಲೆಗಳನ್ನು ಸುಧಾರಿಸುವವರಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಪಾಲಕರ ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಶಾಲೆಯಲ್ಲಿಟ್ಟರೆ ಕೂಲಿಯವರು ಬರಲಾರರು. ಸಂಜೆ ಅವರ ಓಣಿಯ ಕಟ್ಟೆಯ ಮೇಲೆ ಇಡಲಿ. ಹೊಸದಾಗಿ ಬಂದ ಶಿಕ್ಷಕನಿಗೆ ಮೊದಲ ತಿಂಗಳು ತರಬೇತಿಯೆಂದು ಕೊಠಡಿಯಲ್ಲಿ ಕೂಡಿಸಿ ಭಾಷಣ ಹೇಳಿಸುವ ಬದಲು, ಇಪ್ಪತ್ತು ಮನೆಗಳಿಗೆ ಹೋಗಿ ಚಹಾ ಕುಡಿದು ಬರಲು ಹೇಳಲಿ. ನಲಿಕಲಿಯ ಮೂರು ತರಗತಿಗಳಿಗೆ ಆ ಓಣಿಯ ಭಾಷೆ ಬಲ್ಲ ಒಬ್ಬ ಹೆಣ್ಣುಮಗಳನ್ನು ಸಹಾಯಕಿಯಾಗಿ ಕೊಡಲಿ. ನನಗೆ ಇವು ಯಾವುವೂ ಹೊಳೆಯದೆ ಹೋದದ್ದಕ್ಕೆ ಸರಕಾರವನ್ನು ದೂರಲಾರೆ. ಮನೆಗಳಿಗೆ ಹೋಗಬೇಡವೆಂದು ನನಗೆ ಯಾವ ಆದೇಶವೂ ಬಂದಿರಲಿಲ್ಲ.

ಜುಲ್ಮಾನೆ ಪುಸ್ತಕ ಇನ್ನೂ ನನ್ನ ಟ್ರಂಕಿನಲ್ಲಿದೆ. ಈ ಲೇಖನಕ್ಕಾಗಿ ತೆಗೆದು ನೋಡಿದೆ. ಕೂಡಿದ ಹಣದಿಂದ ರಾಜ್ಯೋತ್ಸವಕ್ಕೆ ಪೆಪ್ಪರಮಿಂಟು ತಂದು ಹಂಚಿದ ಲೆಕ್ಕ ಕೊನೆಯ ಪುಟದಲ್ಲಿದೆ. ಒಳಗೆ ತಾರೀಖು, ಹೆಸರು, 'ತೆ.' ಅಥವಾ 'ಉ.' ಅಥವಾ 'ಲಂ.', ಮುಂದೆ ನಾಲ್ಕಾಣೆ. ಏನು ಮಾತನಾಡಿದ್ದರು ಎಂದು ಒಂದು ಸಾಲಿನಲ್ಲಿಯೂ ಬರೆದಿಲ್ಲ. ಕೋಟೆಯ ಮುಂದಿನ ಆ ಒಂದು ಮಾತು ಮಾತ್ರ ನನಗೆ ನೆನಪಿದೆ. ನಿಮ್ಮಲ್ಲಿ ಯಾರ ಹೆಸರು ಆ ಪುಸ್ತಕದಲ್ಲಿದೆಯೋ ನಿಮಗೇ ಗೊತ್ತು. ಅಂದು ನೀವು ಏನು ಹೇಳುತ್ತಿದ್ದಿರಿ ಎಂಬುದು ನೆನಪಿದ್ದರೆ ದಯವಿಟ್ಟು ಬರೆದು ತಿಳಿಸಿ. ಯಾವ ಭಾಷೆಯಲ್ಲಿ ಬರೆದರೂ ಸರಿ, ಓದಿ ಹೇಳುವವರು ನಮ್ಮ ಓಣಿಯಲ್ಲಿದ್ದಾರೆ.